ಮಣ್ಣಡಿಯ ಲಡ್ಡು

ಸಾಸ್ತಾನದಲ್ಲಿ ಹೆದ್ದಾರಿಯ ಬದಿಗೆ ಹಗ್ಗ, ಟರ್ಪಾಲು, ಪೈಪು, ಕೊಡಪಾನಗಳ ಅಂಗಡಿ ಇಟ್ಟುಕೊಂಡಿರುವ ಗೋವರ್ಧನನ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಹೊರಬಿದ್ದದ್ದನ್ನು ಕೇಳಿದವರು ಆ ಸುತ್ತಿನಲ್ಲಿ ಯಾರೂ ಇಲ್ಲ. ಸೊಂಟನೋವಿಗೆ ಮದ್ದು ಕೇಳಿದರೆ ಹೇಳುತ್ತಾನೆ, ಬಾವಿಯ ನೀರು ಕೆಂಪಾದರೆ ಕಾರಣ ಹೇಳುತ್ತಾನೆ, ದಾರಿ ಕೇಳಿದರಂತೂ ಅಂಗಡಿಯಿಂದ ಇಳಿದು ಬಂದು ಕೈ ಚಾಚಿ ತೋರಿಸುತ್ತಾನೆ. ಅವನು ತೋರಿಸಿದ ದಾರಿ ಹಿಡಿದು ಕೊಲ್ಲೂರಿಗೆ ಹೊರಟ ಒಂದು ಸಂಸಾರ ಹೆಬ್ರಿಗೆ ಹೋಗಿ ನಿಂತು, ಅವನ ಅಂಗಡಿಯ ಬೋರ್ಡಿನಲ್ಲಿ ಕಂಡಿದ್ದ ನಂಬರಿಗೆ ಫೋನು ಮಾಡಿ ಕೇಳಿದಾಗ, ಇಷ್ಟು ಚೆಂದದ ಹೆಬ್ರಿ ನೋಡದೆ ಕೊಲ್ಲೂರಿಗೆ ಹೋಗುತ್ತಿದ್ದಿರಲ್ಲ ಎಂದು ಅವರನ್ನೇ ಗದರಿದ್ದನಂತೆ. ಮನಸ್ಸು ಮಾತ್ರ ಬೆಣ್ಣೆ. ಯಾರು ಏನು ಒಪ್ಪಿಸಿದರೂ ಇಲ್ಲವೆನ್ನುವವನಲ್ಲ.

ಹಾಗಾಗಿಯೇ ಅವನ ಹೆಂಡತಿ ಚಂದ್ರಮತಿಯ ತಮ್ಮ ರತನ್, ಮುಂಗಾರು ಇನ್ನೇನು ಕಾಲಿಡುತ್ತದೆ ಎನ್ನುವಾಗ ಮುಂಬೈಯಿಂದ ರೈಲಿನಲ್ಲಿ ಬಂದವನು, ತೂತು ಕೊರೆದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟು, ಭಾವ, ಇದನ್ನೊಂದು ಆರು ತಿಂಗಳು ನೋಡಿಕೊಳ್ಳಬೇಕು ಎಂದಾಗ, ಗೋವರ್ಧನ ಮುಚ್ಚಳ ತೆಗೆಯುವ ಮೊದಲೇ ಒಪ್ಪಿಬಿಟ್ಟಿದ್ದ. ಮುಚ್ಚಳ ತೆಗೆದದ್ದು ಚಂದ್ರಮತಿ. ಒಳಗೆ ಬೊಗಸೆ ತುಂಬುವಷ್ಟು ದಪ್ಪದ, ಉರುಟಾದ, ಹಸಿರುಬಣ್ಣದ ಪ್ರಾಣಿಯೊಂದು ಕುಳಿತಿತ್ತು. ಕುತ್ತಿಗೆಯೆಂಬುದು ಇರಲಿಲ್ಲ. ಬಾಯಿ ಈ ಕೆನ್ನೆಯಿಂದ ಆ ಕೆನ್ನೆಯವರೆಗೂ ಇತ್ತು.

“ಕಪ್ಪಿ ಬೊಂಬಾಯಿಂದ ತರ್ಕಾ? ನಮ್ಮ್ ಬಚ್ಲಲ್ಲಿ ಕಡ್ಮಿ ಇತ್ತಾ?” ಎಂದಳು ಚಂದ್ರಮತಿ.

ರತನ್ ಅಕ್ಕನಿಗೆ ತಿಳಿಸಿ ಹೇಳಿದ. ಇದು ಬಚ್ಚಲಿನ ಕಪ್ಪೆ ಅಲ್ಲ, ಆಫ್ರಿಕಾದ್ದು. ಮಣ್ಣು ತೋಡಿ ಒಳಗೆ ಹೂತುಕೊಂಡು ಬದುಕುವ ಜಾತಿ. ಹೆಣ್ಣು. ಹೆಸರು ಲಡ್ಡು. ಕಾಗದಪತ್ರವೆಲ್ಲ ಸರಿಯಾಗಿದೆ. ಮುಂಬೈಯಲ್ಲಿ ಮೂರು ವರ್ಷ ಅವನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇತ್ತು. ಹೋಟೆಲಿನ ಅಡುಗೆಮನೆಯಲ್ಲಿ ದಿನವಿಡೀ ಬೈಸಿಕೊಂಡು ಬಂದವನಿಗೆ ಎದುರುತ್ತರ ಕೊಡದ ಜೀವವೆಂದರೆ ಅದೊಂದೇ. ಈಗ ಅವನಿಗೆ ಪ್ರವಾಸಿ ಹಡಗೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತ್ತು. ಹಡಗಿಗೆ ಕಪ್ಪೆ ಒಯ್ಯುವಂತಿಲ್ಲ. ಕೋಣೆ ಖಾಲಿ ಮಾಡುವಾಗ ಗಾಜಿನ ಪೆಟ್ಟಿಗೆಯೂ ಒಡೆದುಹೋಗಿತ್ತು. ಹೊರಡುವ ಮೊದಲು ಶಿರೂರಿನ ರಾಜೇಂದ್ರರ ಮಗಳು ವಿನಯಾಳ ಜೊತೆ ನಿಶ್ಚಯ, ವಾಪಸು ಬಂದ ಮೇಲೆ ಮದುವೆ ಎಂದು ತೀರ್ಮಾನವಾಗಿತ್ತು.

ನಿಶ್ಚಯ ಸುಸೂತ್ರವಾಗಿ ನಡೆಯಿತು. ಆದರೆ ಊಟಕ್ಕೆ ಕೂತಾಗ ವಿನಯಾಳ ತಾಯಿ, ತನ್ನ ಮಗಳು ಎಲ್ಲದರಲ್ಲೂ ಗಟ್ಟಿ, ಹಲ್ಲಿ ಕಂಡರೆ ಮಾತ್ರ ಮಂಚ ಹತ್ತಿ ನಿಲ್ಲುತ್ತಾಳೆ ಎಂದು ನಗುತ್ತಾ ಹೇಳಿಬಿಟ್ಟರು. ರತನನ ಬಾಯಿಯ ಹೋಳಿಗೆ ಅಲ್ಲೇ ನಿಂತಿತು. ಹಲ್ಲಿಗೆ ಮಂಚ ಹತ್ತುವವಳು ಲಡ್ಡುವಿಗೆ ಎಲ್ಲಿ ಹತ್ತಬೇಕು? ಅಂದು ಸಂಜೆ ಅವನು ಅಕ್ಕ ಭಾವರ ಕೈ ಹಿಡಿದು, ಈ ವಿಷಯ ವಿನಯಾಳಿಗೆ ತಾನೇ ಬಂದು ನಿಧಾನಕ್ಕೆ ಹೇಳುತ್ತೇನೆ, ಅಲ್ಲಿಯವರೆಗೆ ಶಿರೂರಿಗೆ ಸುದ್ದಿ ಮುಟ್ಟಬಾರದು ಎಂದು ಮಾತು ತೆಗೆದುಕೊಂಡ. ಚಂದ್ರಮತಿ ಕೂಡಲೇ ಒಪ್ಪಿದಳು. ಮುಂಬೈಯಿಂದ ಕಪ್ಪೆ ತರಿಸಿ ಸಾಕುತ್ತಿದ್ದಾರೆ ಎಂದು ಊರು ಗೊತ್ತುಮಾಡಿಕೊಂಡರೆ ತಾನು ಹಾಲಿನ ಡೈರಿಗೆ ಹೋಗುವುದು ಹೇಗೆ ಎಂಬುದು ಅವಳ ಚಿಂತೆ. ಅಂದಿನಿಂದ ಆ ಮನೆಯಲ್ಲಿ ಕಪ್ಪೆ ಎಂಬ ಶಬ್ದ ನಿಷಿದ್ಧವಾಯಿತು.

ಉಳಿದದ್ದು ಲಡ್ಡುವಿಗೆ ಮನೆ ಕಟ್ಟುವ ಕೆಲಸ. ಅದಕ್ಕೆ ಏನೇನು ಬೇಕು ಎಂದು ರತನ್ ಹೇಳಲು ಶುರುಮಾಡುತ್ತಿದ್ದಂತೆ ಗೋವರ್ಧನ ಅಂಗೈ ಎತ್ತಿದ.

“ಅದ್ರ್ ವಿಷ್ಯ ನಂಗ್ ಹೇಳ್ಕೊಡ್ಕಾ? ನೀನ್ ಹಡ್ಗ್ ಹತ್ತ್ ಮಾರಾಯ.”

ರತನ್ ಹಡಗು ಹತ್ತಿದ. ಹಡಗು ಒಂದು ಬಂದರು ಬಿಟ್ಟು ಇನ್ನೊಂದು ಸೇರುವವರೆಗೆ ಅವನ ಫೋನು ಸತ್ತಂತೆ. ಇತ್ತ ಗೋವರ್ಧನ ಕಪ್ಪೆಯೆಂದರೆ ನೀರು, ನೀರೆಂದರೆ ಕಪ್ಪೆ ಎಂಬ ಖಚಿತ ತಿಳಿವಳಿಕೆಯಿಂದ ಕುಂದಾಪುರಕ್ಕೆ ಹೋಗಿ ಮೀನು ಸಾಕುವ ದೊಡ್ಡ ಗಾಜಿನ ತೊಟ್ಟಿ ತಂದು, ಕುತ್ತಿಗೆಯವರೆಗೆ ನೀರು ತುಂಬಿ, ಲಡ್ಡುವನ್ನು ಮೆಲ್ಲಗೆ ಒಳಗೆ ಬಿಟ್ಟ. ಅದು ಕಲ್ಲಿನಂತೆ ಸೀದಾ ತಳಕ್ಕೆ ಹೋಯಿತು. ಬಣ್ಣ ಬದಲಾಯಿತು. ಮೇಲಕ್ಕೆ ಬರಲು ಕೈಕಾಲು ಬಡಿಯಿತು. ಮುಳುಗು ಹಾಕುತ್ತಿದೆ, ನೋಡು ಎಂದು ಗೋವರ್ಧನ ಹೆಂಡತಿಗೆ ವಿವರಿಸುತ್ತಿರುವಾಗಲೇ ಚಂದ್ರಮತಿ ಸಾರಿನ ಸೌಟನ್ನು ತೊಟ್ಟಿಗೆ ಇಳಿಸಿ ಅದನ್ನು ಎತ್ತಿದಳು. ಸೌಟಿನಲ್ಲಿ ಕುಳಿತು ಲಡ್ಡು ಗೋವರ್ಧನನನ್ನೇ ನೋಡಿತು. ಆ ನೋಟದಲ್ಲಿ ಗೌರವವಿರಲಿಲ್ಲ.

ಎರಡನೆಯ ಸಲಕ್ಕೆ ಮರಳು. ಮಣ್ಣು ತೋಡುವ ಜಾತಿ ಎಂದಮೇಲೆ ಮರಳು ಇನ್ನೂ ಸುಲಭ ಎಂದು ಸ್ಕೂಟರಿನಲ್ಲಿ ಹೋಗಿ ಕೋಡಿ ಕಡೆಯ ಕಡಲತೀರದಿಂದ ಒಂದು ಚೀಲ ತಂದ. ಉಪ್ಪುಮರಳಿನ ಮೇಲೆ ಕಾಲಿಟ್ಟದ್ದೇ ಲಡ್ಡು ಚೆಂಡಿನಂತೆ ಉಬ್ಬಿ, ನಾಲ್ಕು ಕಾಲ ಮೇಲೆ ನಿಂತು, ಅರಚಿತು. ಅದಕ್ಕೆ ದನಿಯಿದೆ ಎಂಬುದು ಆ ಮನೆಯವರಿಗೆ ಗೊತ್ತಾದದ್ದು ಆಗಲೇ. ಉಪ್ಪಿನಕಾಯಿ ಹಾಕುವುದಾದರೆ ಮೊದಲೇ ಹೇಳಬೇಕಿತ್ತು, ಭರಣಿ ತೊಳೆದಿಡುತ್ತಿದ್ದೆ ಎಂದಳು ಚಂದ್ರಮತಿ. ಮೂರನೆಯ ಸಲ ಕೆಂಪುಮಣ್ಣು ತಂದ. ತಂದವನು ಅಭ್ಯಾಸಬಲದಿಂದ, ಅಂಗಳಕ್ಕೆ ಮಣ್ಣು ಹಾಕುವಾಗ ಮಾಡುವಂತೆ, ನೀರು ಚಿಮುಕಿಸಿ ಮರದ ಬಡಿಗೆಯಿಂದ ತಟ್ಟಿ ನುಣ್ಣಗೆ ಮಾಡಿಟ್ಟ. ಲಡ್ಡು ಹಿಂಗಾಲಿನಿಂದ ಎಷ್ಟು ಕೆರೆದರೂ ಉಗುರು ಹೋಗುವಷ್ಟೂ ಮಣ್ಣು ಏಳಲಿಲ್ಲ. ಕೊನೆಗೆ ಅದು ಮೂಲೆಗೆ ಹೋಗಿ ಗೋಡೆಗೆ ಮುಖಮಾಡಿ ಕುಳಿತಿತು. ಎರಡು ದಿನ ಏನನ್ನೂ ತಿನ್ನಲಿಲ್ಲ.

ಆಗ ಗೋವರ್ಧನನಿಗೆ ಹೆದರಿಕೆಯಾಯಿತು. ಭಾವಮೈದುನನಿಗೆ ಏನು ಹೇಳುವುದು ಎಂಬ ಹೆದರಿಕೆ ಇದ್ದದ್ದೇ. ಅದಕ್ಕಿಂತ ಹೆಚ್ಚಾಗಿ, ಆ ಗೋಡೆಗೆ ಮುಖಮಾಡಿದ ಬೆನ್ನನ್ನು ನೋಡಲು ಅವನಿಂದಾಗಲಿಲ್ಲ. ಅಂಗಡಿಯಲ್ಲಿ ಟರ್ಪಾಲಿನ ಸುರುಳಿಗಳ ಹಿಂದೆ ಕುಳಿತು, ಗಿರಾಕಿಗಳಿಗೆ ಕಾಣದಂತೆ, ಮೊಬೈಲಿನಲ್ಲಿ ಪರದೇಶದವರು ಕಪ್ಪೆ ಸಾಕುವ ವಿಡಿಯೋಗಳನ್ನು ನೋಡತೊಡಗಿದ. ಅವರ ಮಾತು ಅರ್ಥವಾಗುತ್ತಿರಲಿಲ್ಲ. ಕೈ ಏನು ಮಾಡುತ್ತದೆ ಎಂದಷ್ಟೇ ನೋಡಿದ. ಮಣ್ಣು ಅವಲಕ್ಕಿಯ ಹಾಗೆ ಸಡಿಲ ಇರಬೇಕು. ತೆಂಗಿನ ನಾರಿನ ಪುಡಿ, ಒಣಗಿದ ಎಲೆಯ ಗೊಬ್ಬರ. ಹಿಂಡಿದರೆ ಮುದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಲಡ್ಡು ಪೂರ್ತಿ ಮುಳುಗಿದ ಮೇಲೂ ಮಣ್ಣು ಉಳಿಯುವಷ್ಟು ಆಳ. ಕುಡಿಯಲು ಅಲ್ಲ, ಕೂರಲು ಒಂದು ತಟ್ಟೆ ನೀರು, ಅದೂ ಕ್ಲೋರಿನ್ ಮದ್ದು ಹಾಕದ್ದು. ಬಿಸಿಲು ಬೀಳದ ಜಾಗ, ಗಾಳಿಯಾಡುವ ಮುಚ್ಚಳ. ತಿನ್ನಲು ಜೀವಂತ ಹುಳ, ಹುಳದ ಮೈಗೆ ಒಂದು ಚಿಟಿಕೆ ಕ್ಯಾಲ್ಸಿಯಂ ಪುಡಿ.

ಒಂದು ಬುಟ್ಟಿ ಸಾಕಿತ್ತು. ಆದರೆ ಮೂರು ಸಲ ತಪ್ಪಿದವನಿಗೆ ಪಶ್ಚಾತ್ತಾಪ ದೊಡ್ಡದಿತ್ತು. ಒಳಗಿನ ಕತ್ತಲೆ ಕೋಣೆಯಲ್ಲಿ ಅವನ ತಂದೆಯ ಕಾಲದ ಹಲಸಿನ ಮರದ ಮಂಚವೊಂದು ಬಿದ್ದಿತ್ತು. ಅದರ ನಡುವಿನ ಹಲಗೆಗಳನ್ನು ಕೆಳಗಿಳಿಸಿ, ಸುತ್ತಲೂ ಪಟ್ಟಿ ಹೊಡೆದು, ಅಂಗಡಿಯ ಅತ್ಯುತ್ತಮ ನೀಲಿ ಟರ್ಪಾಲನ್ನು ಒಳಗೆ ಹಾಸಿ, ಚೀಲಗಟ್ಟಲೆ ನಾರಿನ ಪುಡಿ ತುಂಬಿದ. ಮೇಲೆ ಸೊಳ್ಳೆಬಲೆಯ ಚೌಕಟ್ಟು. ಮುಗಿದಾಗ ಅದು ಆರಡಿ ಉದ್ದದ ಒಬ್ಬ ಮನುಷ್ಯ ಆರಾಮವಾಗಿ ಮಲಗುವಷ್ಟು ಮಣ್ಣಿನ ಹಾಸಿಗೆಯಾಗಿತ್ತು. ಲಡ್ಡುವನ್ನು ನಡುವಿಗೆ ಬಿಟ್ಟರು. ಅದು ಒಮ್ಮೆ ಅತ್ತಿತ್ತ ನೋಡಿತು. ಆಮೇಲೆ ಹಿಂಗಾಲುಗಳನ್ನು ಒಂದಾದ ಮೇಲೊಂದು ಆಡಿಸುತ್ತಾ, ಸೊಂಟ ತಿರುಗಿಸುತ್ತಾ, ಹಿಂದು ಹಿಂದಾಗಿ ಮಣ್ಣಿಗೆ ಇಳಿಯಿತು. ಕೊನೆಗೆ ಎರಡು ಕಣ್ಣು ಉಳಿದವು. ಅವೂ ಮುಚ್ಚಿದವು. ಗಂಡ ಹೆಂಡತಿ ಇಬ್ಬರೂ ದೀಪ ಆರಿಸಿ, ಹೆಜ್ಜೆಯ ಸದ್ದಾಗದಂತೆ ಹೊರಗೆ ಬಂದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕುಂದಾಪುರದ ಕಡೆಯ ಭಾಷೆಯಲ್ಲಿ ಮನೆಯ ಹುಡುಗಿಯರನ್ನು ಅಕ್ಕರೆಯಿಂದ ‘ಅದು’ ಎಂದೇ ಕರೆಯುವುದು. ಅದು ಬಂತು, ಅದು ಉಂಡಿತು, ಅದಕ್ಕೆ ಜ್ವರ. ಕಪ್ಪೆಗೂ ಹುಡುಗಿಗೂ ವ್ಯಾಕರಣದಲ್ಲಿ ಭೇದವಿಲ್ಲ. ಪಕ್ಕದ ಮನೆಯ ವನಜ, ಕಂಪೌಂಡಿನ ಆಚೆ ಬಟ್ಟೆ ಒಣಗಿಸುವ ನೆಪದಲ್ಲಿ ಮೂರು ಮನೆಯ ಸುದ್ದಿ ಒಣಗಿಸುವಾಕೆ, ಈ ಮನೆಯ ಮಾತುಗಳನ್ನು ಕೇಳಿಸಿಕೊಳ್ಳತೊಡಗಿದಳು. ಲಡ್ಡು ಎದ್ದಿದೆಯಾ ಎಂದು ಗೋವರ್ಧನ ಕೇಳುವುದು. ಹಗಲೆಲ್ಲ ಮಲಗಿಯೇ ಇರುತ್ತದೆ ಎಂದು ಚಂದ್ರಮತಿ ಹೇಳುವುದು. ನಿನ್ನೆ ಹಾಕಿದ್ದನ್ನು ಮುಟ್ಟಲಿಲ್ಲ, ಹಾಸಿಗೆ ಒದ್ದೆ ಸಾಲದೇನೋ ಎಂಬ ಚಿಂತೆ. ಒಂದು ದಿನ ತಡೆಯಲಾರದೆ, ಮನೆಗೆ ಯಾರು ಬಂದಿದ್ದಾರೆ ಎಂದು ವನಜ ನೇರ ಕೇಳಿದಳು. ಚಂದ್ರಮತಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ನಿಜ ಹೇಳುವಂತಿಲ್ಲ.

“ಬೊಂಬಾಯಿದ್. ರತನ್ ಬಿಟ್ಟ್ ಹೋದ್ದ್. ಅವ ಬಪ್ಪಲ್ಲಿವರಿಗೆ ನಾವ್ ಕಾಣ್ಕಣ್ಕ್” ಎಂದು, ನೋಡಿಕೊಳ್ಳುವ ಭಾರವೆಲ್ಲ ತಮ್ಮದೆಂಬಂತೆ ಹೇಳಿ, ಯಾರಿಗೂ ಹೇಳಬೇಡ ಎಂದು ಸೇರಿಸಿದಳು. ಆ ಕೊನೆಯ ಮಾತು ಹೇಳದಿದ್ದರೆ ಸುದ್ದಿ ಬಹುಶಃ ಸಾಸ್ತಾನದ ಪೇಟೆ ದಾಟುತ್ತಿರಲಿಲ್ಲ.

ಅದೇ ವಾರ ಗೋವರ್ಧನ ಔಷಧದ ಅಂಗಡಿಗೆ ಹೋಗಿ ಕ್ಯಾಲ್ಸಿಯಂ ಪುಡಿ ಕೇಳಿದ. ಯಾರಿಗೆ ಎಂದು ಅಂಗಡಿಯವನು ಸಹಜವಾಗಿ ಕೇಳಿದ. ಮನೆಯಲ್ಲೊಂದು ಹೆಣ್ಣಿದೆ, ರತನನದ್ದು, ಹೊಟ್ಟೆ ಸ್ವಲ್ಪ ದೊಡ್ಡದು ಎಂದ ಗೋವರ್ಧನ, ದನಿ ತಗ್ಗಿಸಿ. ಅಂಗಡಿಯವನು ಪುಡಿಯ ಡಬ್ಬಿ ಕೊಡುತ್ತಾ ಅವನನ್ನು ಕನಿಕರದಿಂದ ನೋಡಿದ.

ಮರುದಿನವೇ ಆಶಾ ಕಾರ್ಯಕರ್ತೆ ಸುಗುಣ ಕೊಡೆ ಮಡಚಿ ಜಗಲಿಗೆ ಹತ್ತಿದಳು. ಮಳೆ ಹಿಡಿದ ಮೇಲೆ ನಿಂತ ನೀರು ನೋಡಲು, ಸೊಳ್ಳೆಯ ಮರಿ ಹುಡುಕಲು ಅವಳು ಮನೆಮನೆಗೆ ಬರುವುದು ರೂಢಿ. ಹಾಗಾಗಿ, ಎಲ್ಲಾ ಗೊತ್ತಾಗಿದೆ, ಹೆದರಬೇಡಿ, ನಮ್ಮಲ್ಲೇ ಇರುತ್ತದೆ ಎಂದು ಅವಳು ಶುರುಮಾಡಿದಾಗ, ದನದ ಕಿವಿಗೆ ಬಿಲ್ಲೆ ಹಾಕುವ ಸರಕಾರ ಈಗ ಕಪ್ಪೆಯ ಲೆಕ್ಕಕ್ಕೂ ಇಳಿದಿದೆ ಎಂದು ಗೋವರ್ಧನ ತಿಳಿದ. ಅವನಿಗೆ ಒಂದು ಬಗೆಯ ಹಗುರವೇ ಆಯಿತು.

“ತಿಂಗ್ಳ್ ಎಷ್ಟ್?” ಎಂದು ಕೇಳಿದಳು ಸುಗುಣ.

“ಆರ್” ಎಂದ ಗೋವರ್ಧನ. ರತನ್ ಹೇಳಿಹೋದದ್ದು ಅಷ್ಟೇ.

“ಬೊಂಬಾಯಲ್ಲಿ ಡಾಕ್ಟ್ರಿಗ್ ತೋರ್ಸಿದ್ರಾ?”

“ತೋರ್ಸಿದ್ರ್ ಅಂಬ್ರ್. ಅಲ್ಲಿ ಇದ್ಕೇ ಬೇರೆ ಡಾಕ್ಟ್ರ್ ಇದ್ರ್.”

ಊಟದ ಬಗ್ಗೆ ಕೇಳಿದಾಗ ವಾರಕ್ಕೆ ಎರಡು ಸಲ ಎಂದ. ಸುಗುಣಳ ಪೆನ್ನು ನಿಂತಿತು. ಒಮ್ಮೆ ನೋಡಬೇಕು ಎಂದಳು. ಹಗಲು ಅದು ಹೊರಗೆ ಬರುವುದಿಲ್ಲ, ಒತ್ತಾಯಿಸಿ ಎಬ್ಬಿಸಿದರೆ ಇಡೀ ಮೈ ಚೆಂಡಿನ ಹಾಗೆ ಉಬ್ಬುತ್ತದೆ ಎಂದ ಗೋವರ್ಧನ. ಆರು ತಿಂಗಳಿಗೆ ಮೈಯೆಲ್ಲ ಊತ! ಇಂದಿನಿಂದಲೇ ಉಪ್ಪು ಪೂರ್ತಿ ನಿಲ್ಲಿಸಬೇಕು ಎಂದಳು ಸುಗುಣ. ಗೋವರ್ಧನ ಬೆರಗಾದ. ಮೂರು ತಪ್ಪು ಮಾಡಿ ತಾನು ಕಲಿತದ್ದನ್ನು ಇವಳು ನೋಡದೆಯೇ ಹೇಳುತ್ತಿದ್ದಾಳಲ್ಲ.

“ನಂಗೂ ಕಡಿಗೇ ಗೊತ್ತಾದ್ದ್. ಉಪ್ಪಿನ್ ಮೇಲೆ ಬಿಟ್ಟದ್ದೇ ಕೂಗೂಕ್ ಶುರು ಮಾಡ್ತ್” ಎಂದು ಮೆಚ್ಚುಗೆಯಿಂದ ಹೇಳಿದ.

ಸುಗುಣ ಕೊಡೆ ಬಿಡಿಸುವುದನ್ನೂ ಮರೆತು ಮಳೆಯಲ್ಲೇ ಇಳಿದು ಹೋದಳು. ಯಾವುದೋ ಊರಿನ ಹೆಣ್ಣು ಮಗಳನ್ನು ಕತ್ತಲೆ ಕೋಣೆಯಲ್ಲಿಟ್ಟು, ವಾರಕ್ಕೆರಡು ಹೊತ್ತು ಉಣ್ಣಲು ಕೊಟ್ಟು, ಉಪ್ಪಿನ ಮೇಲೆ ನಿಲ್ಲಿಸುತ್ತಿದ್ದಾರೆ ಎಂದರೆ ಸುಮ್ಮನಿರುವುದು ಹೇಗೆ? ಒಳ್ಳೆಯ ಮನುಷ್ಯ ಎಂದುಕೊಂಡಿದ್ದ ಗೋವರ್ಧನಣ್ಣ ಇಂಥವನೇ? ಖಚಿತ ಮಾಡಿಕೊಳ್ಳಲು ಅವಳು ವನಜಳ ಮನೆಗೆ ಹೋದಳು. ವನಜ ಖಚಿತ ಮಾಡಿದ್ದಲ್ಲದೆ, ಹುಡುಗಿಯ ಹೆಸರು ಲಡ್ಡು, ತುಂಬ ದಪ್ಪ, ಹಿಂದಿಯವಳಿರಬೇಕು ಎಂಬ ವಿವರಗಳನ್ನೂ ಒದಗಿಸಿದಳು. ವನಜಳ ತವರು ಕಿರಿಮಂಜೇಶ್ವರ. ಅಲ್ಲಿಂದ ಶಿರೂರಿಗೆ ಬಸ್ಸಿಗೆ ಎಷ್ಟು ಹೊತ್ತು ಬೇಕೋ ಸುದ್ದಿಗೆ ಅಷ್ಟೂ ಬೇಕಾಗಲಿಲ್ಲ.

ಭಾನುವಾರ ಬೆಳಿಗ್ಗೆ ಶಿರೂರಿನ ಕಾರು ಅಂಗಳಕ್ಕೆ ಬಂತು. ರಾಜೇಂದ್ರರು ಇಳಿದರು. ವಿನಯಾ ಇಳಿದಳು. ಜೊತೆಗೆ ಮನೆಯ ಇಬ್ಬರು ಹಿರಿಯರು, ಮಾತು ಕಟ್ಟುವುದಕ್ಕೂ ಮುರಿಯುವುದಕ್ಕೂ ಅಭ್ಯಾಸವಿದ್ದವರು. ಚಂದ್ರಮತಿ ಕಾಫಿ ತಂದಳು. ಯಾರೂ ಲೋಟ ಮುಟ್ಟಲಿಲ್ಲ. ಕರಾವಳಿಯ ಮನೆಗಳಲ್ಲಿ ಬೀಗರು ಕಾಫಿ ಮುಟ್ಟಲಿಲ್ಲವೆಂದರೆ ಅದರ ಅರ್ಥ ಗೋವರ್ಧನನಂಥವನಿಗೂ ಗೊತ್ತಾಗುತ್ತದೆ. ಕಪ್ಪೆಯ ವಿಷಯ ಶಿರೂರಿಗೆ ಮುಟ್ಟಿದೆ ಎಂದು ಅವನು ತಿಳಿದುಕೊಂಡ.

“ಅದ್ ಎಲ್ಲಿತ್ತ್?” ಎಂದು ಕೇಳಿದರು ರಾಜೇಂದ್ರರು.

“ಒಳ್ಗಿತ್ತ್” ಎಂದ ಗೋವರ್ಧನ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

ಎಷ್ಟು ಕಾಲದಿಂದ ಇದು ನಡೆದಿದೆ ಎಂದು ಅವರು ಕೇಳಿದರು. ಮೂರು ವರ್ಷವಾಯಿತಂತೆ, ಮುಂಬೈಯಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದದ್ದು ಎಂದು ಗೋವರ್ಧನ ಒಪ್ಪಿಕೊಂಡ. ಹಿರಿಯರಲ್ಲಿ ಒಬ್ಬರು ಕಣ್ಣು ಮುಚ್ಚಿದರು. ರತನ್ ಹೇಳಬೇಕಿತ್ತು, ವಿನಯಾ ಹೆದರುತ್ತಾಳೆಂದು ಹೇಳಲಿಲ್ಲ, ಹುಡುಗ ಕೆಟ್ಟವನಲ್ಲ ಎಂದು ಗೋವರ್ಧನ ಬೇಡಿಕೊಳ್ಳುವ ದನಿಯಲ್ಲಿ ಹೇಳಿದ. ಮದುವೆಯಾದ ಮೇಲೆ ಏನು ಮಾಡುವ ಅಂದಾಜು ಎಂದು ರಾಜೇಂದ್ರರು ಹಲ್ಲು ಕಚ್ಚಿ ಕೇಳಿದರು.

ಗೋವರ್ಧನ ವಿನಯಾಳ ಕಡೆ ತಿರುಗಿ, ಅವಳನ್ನು ಸಮಾಧಾನ ಮಾಡುವಂತೆ, “ಒಟ್ಟಿಗೇ ಇಪ್ಪುದಲ್ದಾ ಮಗಾ. ನಿಂಗ್ ಎಂತ ತೊಂದ್ರಿ ಇಲ್ಲೆ. ಮೂಲಿಯಂಗೆ ಬಿದ್ಕಂಡಿರತ್ತ್. ಜಿರಳಿ ಇದ್ರ್ ಎರ್ಡ್ ಹಾಕಿರ್ ಸೈ” ಎಂದ.

ವಿನಯಾ ಎದ್ದು ನಿಂತಳು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ನಡುಗಲಿಲ್ಲ. ಆ ಹೆಂಗಸಿನ ಬಗ್ಗೆ ಇಂಥ ಮಾತು ಆಡುವವರ ಮನೆಯಲ್ಲಿ ತನಗೇನೂ ಬೇಡ. ಒಮ್ಮೆ ಅವಳ ಮುಖ ನೋಡಿ, ಬೇಕಾದರೆ ಅವಳನ್ನೂ ಕರೆದುಕೊಂಡು ಹೊರಡುತ್ತೇನೆ ಎಂದಳು. ಹೆಂಗಸು ಎಂಬ ಮಾತು ಗೋವರ್ಧನನ ಕಿವಿಯ ಹತ್ತಿರ ಹಾದುಹೋಯಿತು, ಒಳಗೆ ಇಳಿಯಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು. ಸುಗುಣ ಬೀಟ್ ಪೊಲೀಸ್ ಮನೀಷನನ್ನು ಕರೆದುಕೊಂಡು ಬಂದಿದ್ದಳು. ಹಿಂದೆಯೇ ವನಜ, ಒದ್ದೆ ಬಟ್ಟೆಯ ಬಕೆಟನ್ನು ಕೈಯಲ್ಲೇ ಹಿಡಿದು.

ಎಲ್ಲರೂ ಸಾಲಾಗಿ ಒಳಗಿನ ಕೋಣೆಗೆ ಹೋದರು. ಗೋವರ್ಧನ ದೀಪ ಹಾಕಿ, ಸೊಳ್ಳೆಬಲೆಯ ಚೌಕಟ್ಟು ಎತ್ತಿದ. ಹಳೆಯ ಮಂಚ. ಮಂಚದ ತುಂಬ ಹೊಸ ಮಣ್ಣು. ಮಣ್ಣು ನಡುವೆ ಸ್ವಲ್ಪ ಉಬ್ಬಿತ್ತು.

ಅವಳೆಲ್ಲಿ ಎಂದು ಮನೀಷ ಕೇಳಿದ.

“ಇಲ್ಲೇ, ಮಣ್ಣಡಿ ಇತ್ತ್” ಎಂದ ಗೋವರ್ಧನ.

ವನಜಳ ಬಕೆಟು ಬಿತ್ತು. ಆಮೇಲೆ ವನಜ ಬಿದ್ದಳು, ಬಟ್ಟೆಯ ಮೇಲೆಯೇ ಬಿದ್ದದ್ದರಿಂದ ಪೆಟ್ಟಾಗಲಿಲ್ಲ. ರಾಜೇಂದ್ರರು ಮಗಳನ್ನು ಹಿಡಿದು ಬೆನ್ನ ಹಿಂದೆ ನಿಲ್ಲಿಸಿಕೊಂಡರು. ಮನೀಷನಿಗೆ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಕಳೆದ ವಾರ ಕದ್ದ ಕೋಳಿಯ ವಿಚಾರಣೆ ಮಾಡಿದ್ದೇ ಅವನ ದೊಡ್ಡ ಕೇಸು. ಅವನು ಒಣಗಿದ ತುಟಿ ಸವರಿಕೊಂಡು, ಯಾರೂ ಹೊರಗೆ ಹೋಗಬಾರದು ಎಂದು ಹೇಳಿ, ಬಾಗಿಲ ಮೂಲೆಯಲ್ಲಿದ್ದ ಹಾರೆಗೆ ಕೈಹಾಕಿದ. ಗೋವರ್ಧನ ಮಂಚದ ಮೇಲೆ ಕವುಚಿ ಬಿದ್ದ. ಎರಡೂ ಕೈಯಿಂದ ಮಣ್ಣನ್ನು ಅಪ್ಪಿಕೊಂಡ.

“ಹಾರಿ ತಾಗಿರ್ ಸಾಯತ್ತ್ ಮಾರಾಯ. ನಿನ್ನೆಯಷ್ಟೇ ಹೊಟ್ಟಿ ತುಂಬ ಉಂಡ್ಕಂಡ್ ಮಲ್ಕಂಡದ್ದ್.”

ಇನ್ನೂ ಜೀವವಿದೆ ಎಂದು ಸುಗುಣ ಕಿರುಚಿದಳು. ಅದಕ್ಕೇ ಹೇಳುತ್ತಿರುವುದು, ಎರಡು ಸಲ ಸಾಯುವುದರಿಂದ ಉಳಿದಿದೆ, ನೀರಲ್ಲಿ ಒಮ್ಮೆ, ಉಪ್ಪಲ್ಲಿ ಒಮ್ಮೆ, ಈಗ ನಿಮ್ಮ ಹಾರೆ ಬೇರೆ ಎಂದು ಗೋವರ್ಧನ ಮಣ್ಣಿನ ಹಿಡಿತ ಬಿಡದೆ ಹೇಳಿದ. ಮನೀಷ ಕೈಕೋಳಕ್ಕೆ ಸೊಂಟ ತಡಕಿದ. ಅದನ್ನು ತಂದಿರಲಿಲ್ಲ.

ಆಗ ಚಂದ್ರಮತಿ, ಇಷ್ಟು ಹೊತ್ತು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದವಳು, ಯಾರು ಏನೆಂದುಕೊಂಡಿದ್ದಾರೆ ಎಂಬುದನ್ನು ಅರ್ಥಮಾಡಿಕೊಂಡಳು. ಅವಳು ಇನ್ನೂ ಕೈಯಲ್ಲೇ ಇದ್ದ ಕಾಫಿಯ ತಟ್ಟೆಯನ್ನು ಕಿಟಕಿಯ ಮೇಲಿಟ್ಟು, ಮಾನ ಮರ್ಯಾದೆ ಬಿಟ್ಟು, ಹೇಳಬಾರದೆಂದಿದ್ದ ಶಬ್ದವನ್ನು ಹೇಳಿದಳು.

“ಕಪ್ಪಿ ಮಾರಾಯ್ರೆ. ಅದ್ ಕಪ್ಪಿ.”

ಯಾರೂ ನಂಬಲಿಲ್ಲ. ಮುಂಬೈಯಿಂದ ಕಪ್ಪೆ ತಂದು ಮಂಚದ ಮೇಲೆ ಮಲಗಿಸುವವರು ಎಲ್ಲಾದರೂ ಇದ್ದಾರೆಯೇ? ಶಿರೂರಿನ ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಹಾಗಾದರೆ ತೋರಿಸಿ ಎಂದ ಮನೀಷ. ಅಗೆಯುವಂತಿಲ್ಲ ಎಂದ ಗೋವರ್ಧನ. ಕರೆದರೆ ಬರುತ್ತದೆಯೇ ಎಂದು ಮನೀಷ ಕೇಳಿದ. ಮಳೆ ಬಂದರೆ ಬರುತ್ತದೆ ಎಂದ ಗೋವರ್ಧನ. ಕೋಣೆಯೊಳಗೆ ಮಳೆ ಎಲ್ಲಿಂದ? ಬರಿಸಬೇಕು ಎಂದ ಗೋವರ್ಧನ, ವಿಡಿಯೋದಲ್ಲಿ ನೋಡಿದ್ದೇನೆ.

ಹೀಗೆ ಆ ಭಾನುವಾರ, ಹೊರಗೆ ಬಿಸಿಲು ಬಿದ್ದಿದ್ದಾಗ, ಸಾಸ್ತಾನದ ಆ ಮನೆಯ ಒಳಕೋಣೆಯಲ್ಲಿ ಮಳೆಗಾಲ ಶುರುವಾಯಿತು. ಗೋವರ್ಧನ ಹೂಗಿಡಗಳಿಗೆ ನೀರು ಹಾಕುವ ತೂತಿನ ಡಬ್ಬಿಯಿಂದ ಮಣ್ಣಿನ ಮೇಲೆ ಸಣ್ಣಗೆ ಹನಿಸಿದ. ಹನಿ ಸಾಲದು, ಸದ್ದೂ ಬೇಕು ಎಂದ. ಚೇತರಿಸಿಕೊಂಡಿದ್ದ ವನಜ ತನ್ನ ಬಕೆಟನ್ನು ಬೋರಲು ಹಾಕಿ ಬೆರಳುಗಳಿಂದ ಬಡಿಯತೊಡಗಿದಳು. ಒಳ್ಳೆಯ ಕೈ, ಜಡಿಮಳೆಯೇ ಬಂದಂತಾಯಿತು. ಮನೀಷ ಏನು ಮಾಡಬೇಕೆಂದು ತಿಳಿಯದೆ ಮಂಚದ ಕಾಲನ್ನು ಮೆಲ್ಲಗೆ ತಟ್ಟಿದ. ಗುಡುಗು ಕಡಿಮೆಯಾಯಿತು ಎಂದು ಗೋವರ್ಧನ ಹೇಳಿದಾಗ, ಮಾತು ಮುರಿಯಲು ಬಂದಿದ್ದ ಹಿರಿಯರಲ್ಲಿ ದೊಡ್ಡವರು, ತಮಗೇ ಗೊತ್ತಿಲ್ಲದಂತೆ, ಟರ್ಪಾಲಿನ ತುದಿ ಹಿಡಿದು ಒಮ್ಮೆ ಝಾಡಿಸಿದರು.

ಮಣ್ಣು ಅಲ್ಲಾಡಿತು.

ಮೊದಲು ಒಂದು ಬಿರುಕು. ಬಿರುಕಿನಲ್ಲಿ ಎರಡು ಕಣ್ಣು. ಆಮೇಲೆ ಅಗಲವಾದ ಬಾಯಿ, ಎರಡು ಮೊಂಡು ಕೈ, ಮತ್ತೆ ನಿಧಾನವಾಗಿ ಇಡೀ ಲಡ್ಡು. ನೆತ್ತಿಯ ಮೇಲೆ ನಾರಿನ ಪುಡಿ ಟೋಪಿಯಂತೆ ಕುಳಿತಿತ್ತು. ಅದು ಸುತ್ತ ನೆರೆದವರನ್ನು ನೋಡಿ, ತಟ್ಟೆಯ ನೀರಿಗೆ ಹೋಗಿ ಕುಳಿತು, ಒಮ್ಮೆ ಕಣ್ಣು ಮಿಟುಕಿಸಿತು. ವನಜಳ ಬೆರಳು ಇನ್ನೂ ಅಭ್ಯಾಸಬಲದಿಂದ ಬಕೆಟಿನ ಮೇಲೆ ಆಡುತ್ತಿತ್ತು.

ಕೊನೆಗೆ ಸುಗುಣ ಸಣ್ಣ ದನಿಯಲ್ಲಿ, “ಹಾಂಗಾರೆ ತಿಂಗ್ಳ್ ಆರ್ ಅಲ್ದಾ?” ಎಂದು ಕೇಳಿದಳು.

ಮೊದಲು ನಕ್ಕದ್ದು ವಿನಯಾ. ನಕ್ಕು ನಕ್ಕು ಗೋಡೆಗೆ ಒರಗಿದಳು, ನಡುವೆ ಅತ್ತಳು, ಮತ್ತೆ ನಕ್ಕಳು. ಬರುವ ದಾರಿಯುದ್ದಕ್ಕೂ ಅವಳು ಈ ಮನೆಯ ಒಳಗೆ ಯಾರು ಯಾರನ್ನೋ ಕಲ್ಪಿಸಿಕೊಂಡಿದ್ದಳು. ಆ ಎಲ್ಲರಿಗಿಂತ ಇದು ಎಷ್ಟೋ ಚೆಲುವೆಯಾಗಿ ಕಂಡಿತು. ಅವಳು ಹತ್ತಿರ ಹೋಗಿ ಬಗ್ಗಿದಳು. ಹೆದರಿಕೆ ಆಗುವುದಿಲ್ಲವೇ ಎಂದು ಗೋವರ್ಧನ ಕೇಳಿದ. ಹಲ್ಲಿ ಕಂಡರೆ ಹೆದರಿಕೆ, ಇದು ಹಲ್ಲಿ ಅಲ್ಲವಲ್ಲ ಎಂದಳು. ರಾಜೇಂದ್ರರು ಕಿಟಕಿಯ ಮೇಲಿದ್ದ, ಆರಿ ತಣ್ಣಗಾದ ಕಾಫಿಯನ್ನು ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದರು. ಚಂದ್ರಮತಿ ಸೆರಗಿನಿಂದ ಕಣ್ಣೊರಸಿಕೊಂಡು ಬಿಸಿ ಕಾಫಿ ತರಲು ಹೋದಳು. ಮನೀಷನೂ ಒಂದು ಲೋಟ ತೆಗೆದುಕೊಂಡ.

ರತನನ ಹಡಗು ಬಂದರು ಸೇರಿದ ದಿನ ಅವನ ಫೋನು ಬಂದದ್ದು ವಿನಯಾಳಿಗೆ. ಅವಳು ಕುಶಲವೆಲ್ಲ ಕೇಳಿ, ಆಮೇಲೆ ಮೆಲ್ಲಗೆ, ಸಾಸ್ತಾನಕ್ಕೆ ಹೋಗಿದ್ದೆ, ನಿಮ್ಮ ಲಡ್ಡುವನ್ನು ನೋಡಿದೆ ಎಂದಳಂತೆ. ಅವನು ಕ್ಷಮೆ ಕೇಳಿದ್ದಕ್ಕೆ ಅವಳು ಒಂದೇ ಷರತ್ತು ಹಾಕಿದಳು: ಮದುವೆಯವರೆಗೆ ಲಡ್ಡು ತನ್ನ ಹತ್ತಿರ ಶಿರೂರಿನಲ್ಲಿ ಇರಬೇಕು.

ಈ ಸುದ್ದಿ ತಲುಪಿದ ದಿನ ಗೋವರ್ಧನ ಅಂಗಡಿಯಲ್ಲಿ ಯಾರಿಗೂ ಯಾವ ಸಲಹೆಯನ್ನೂ ಕೊಡಲಿಲ್ಲ. ಮನೆಗೆ ಬಂದು, ಒಳ್ಳೆಯದೇ ಆಯಿತು, ಪೀಡೆ ಕಳೆಯಿತು ಎಂದ. ಚಂದ್ರಮತಿಯೂ ಹೌದೆಂದಳು. ಆ ಮೇಲೆ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಒಳಗಿನ ಕೋಣೆಗೆ ಹೋಗಿ ನಿಂತು ಬಂದರು. ಹೋಗುವ ದಿನ ಅವನು ಲಡ್ಡುವನ್ನು ತೂತಿನ ಡಬ್ಬಿಯಲ್ಲಿ ಒದ್ದೆ ನಾರಿನ ಮೇಲೆ ಕೂರಿಸಿದ. ಬಾಡಿಗೆ ಕಾರಿನಲ್ಲಿ ಚಂದ್ರಮತಿ ಅದನ್ನು ಮಡಿಲಲ್ಲಿಟ್ಟುಕೊಂಡಳು. ತಗ್ಗು ಬಂದಾಗಲೆಲ್ಲ ಮೆಲ್ಲಗೆ ಬಿಡು ಎಂದು ಡ್ರೈವರನಿಗೆ ಹೇಳುತ್ತಿದ್ದಳು.

ಶಿರೂರಿನಲ್ಲಿ ರಾಜೇಂದ್ರರು ಸಿದ್ಧತೆ ಮಾಡಿಕೊಂಡಿದ್ದರು. ಹಿತ್ತಲ ಕಡೆಯ ತಂಪು ಜಗಲಿಯಲ್ಲಿ ಅಂದವಾದ ಮರದ ಪೆಟ್ಟಿಗೆ, ನಾರಿನ ಪುಡಿ, ಎಲೆಗೊಬ್ಬರ, ಮಣ್ಣಿನ ತಟ್ಟೆಯಲ್ಲಿ ಬಾವಿಯ ನೀರು. ವಿನಯಾ ತಾನೇ ಬಲೆ ಹೊಲಿದಿದ್ದಳು. ಗೋವರ್ಧನ ಹೆಣ್ಣು ಕೊಡುವ ಮನೆಯವನ ಗಾಂಭೀರ್ಯದಿಂದ ಪೆಟ್ಟಿಗೆಯನ್ನು ಸುತ್ತು ಹಾಕಿದ. ಮಣ್ಣಿಗೆ ಕೈಯಿಳಿಸಿ ಆಳ ನೋಡಿದ. ಒಂದು ಹಿಡಿ ತೆಗೆದು ಹಿಂಡಿ, ಮೂಸಿ, ಬೆಳಕಿಗೆ ಹಿಡಿದ. ಮಧ್ಯಾಹ್ನದ ಬಿಸಿಲು ಈ ಕಡೆ ಬರುವುದಿಲ್ಲವೇ ಎಂದು ಕೇಳಿದ. ಬರುವುದಿಲ್ಲ ಎಂದರು ರಾಜೇಂದ್ರರು. ಮನೆಯಲ್ಲಿ ಬೆಕ್ಕು? ಇಲ್ಲ. ಜಿರಳೆ? ಬೇಕಾದಷ್ಟು. ಗೋವರ್ಧನನ ಬಳಿ ಪ್ರಶ್ನೆಗಳು ಮುಗಿದವು. ಎಲ್ಲವೂ ಸರಿಯಾಗಿತ್ತು; ಹುಡುಕಿದರೂ ಒಂದು ಕೊರತೆ ಸಿಗಲಿಲ್ಲ. ಚಂದ್ರಮತಿ ಡಬ್ಬಿಯನ್ನು ಮಡಿಲಿನಿಂದ ಇಳಿಸದೆ ಗಂಡನನ್ನೇ ನೋಡುತ್ತಿದ್ದಳು. ಅವನು ಕೈಯ ಮಣ್ಣು ಕೊಡವಿಕೊಂಡು, ಗೋಡೆಯಲ್ಲಿ ತೂಗುತ್ತಿದ್ದ ಕ್ಯಾಲೆಂಡರನ್ನು ಕಂಡ. ಕಂಡವನು ಹತ್ತಿರ ಹೋಗಿ ಬೆರಳಿಟ್ಟ.

“ರಾಜೇಂದ್ರಣ್ಣ, ಇದ್ ಆಸಾಡಿ ತಿಂಗ್ಳ್ ಅಲ್ದಾ? ಆಸಾಡಿಯಂಗೆ ಹೆಣ್ಣ್ ಮಕ್ಕಳನ್ನ್ ಗಂಡನ್ ಮನಿ ಕಡಿಗ್ ಕಳ್ಸುಕ್ ಇತ್ತಾ?”

ಹೆಣ್ಣು ಹೆತ್ತ ರಾಜೇಂದ್ರರು ಆಷಾಢದ ಈ ಕಟ್ಟಳೆಗೆ ಎದುರಾಡುವ ಹಾಗಿರಲಿಲ್ಲ. ಊಟ ಮಾಡಿಕೊಂಡು, ಡಬ್ಬಿಗೆ ಇನ್ನೊಂದಿಷ್ಟು ನೀರು ಚಿಮುಕಿಸಿಕೊಂಡು, ಮೂವರೂ ಅದೇ ಕಾರಿನಲ್ಲಿ ಸಾಸ್ತಾನಕ್ಕೆ ಹೊರಟರು.